ಆರೋಗ್ಯ ಪ್ರಶ್ನೋತ್ತರ: ಅಪಸ್ಮಾರದ ವಿಶ್ವಸಂಘಕ್ಕೆ ಅಧ್ಯಕ್ಷರಾಗಬಯಸುವವರು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತಿದ್ದುವು. ಕಳೆದ ಸಂಚಿಕೆಯಲ್ಲಿ ಅಪಸ್ಮಾರದ, ಎಂದರೆ ಫಿಟ್ಸ್ ರೋಗದ, ಔಷಧಗಳ ಬಗ್ಗೆ ಬರೆಯುವಾಗ, ವೈದ್ಯರ ಅಂತಾರಾಷ್ಟ್ರೀಯ ಸಂಘವೊಂದು ಈ ರೋಗದ ವ್ಯಾಖ್ಯೆಗಳನ್ನು ನಿರ್ಧರಿಸುತ್ತದೆ ಎಂದು ನಾನು ಒಂದು ಸಾಲಿನಲ್ಲಿ ಹೇಳಿದ್ದೆ. ಆ ಸಾಲನ್ನೇ ಹಿಡಿದು ಕಾಸರಗೋಡಿನ ಓದುಗರು ಬರೆದಿರುವುದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತೆಗೆದಿಟ್ಟು ಈ ನಾಲ್ಕಕ್ಕೆ ಮಾತ್ರ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಕನ್ನಡ ಶಾಲೆಯೊಂದರಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತನಾದವನು. ನನ್ನ ಶಿಷ್ಯನೊಬ್ಬ ಈಗ ಹೊರದೇಶದಲ್ಲಿ ನರರೋಗ ತಜ್ಞನಾಗಿದ್ದಾನೆ. ಅಪಸ್ಮಾರದ ಅಂತಾರಾಷ್ಟ್ರೀಯ ಸಂಘದ ನಾಯಕತ್ವಕ್ಕೆ ಮುಂದೊಂದು ದಿನ ಸ್ಪರ್ಧಿಸುವ ಆಸೆಯಿದೆ, ನೀವೇನು ಹೇಳುತ್ತೀರಿ ಎಂದು ನನಗೆ ಕಾಗದ ಬರೆದಿದ್ದಾನೆ. ಆ ಸಂಘ ಯಾವುದು, ಅಧ್ಯಕ್ಷರನ್ನು ಆರಿಸುವುದು ಹೇಗೆ? ಪದವಿ ತಾನಾಗಿ ಹುಡುಕಿಕೊಂಡು ಬರಬೇಕು, ವೈದ್ಯನಾದವನು ಅದನ್ನು ಬಯಸಿ ಹೋಗಬಾರದು ಎಂದು ನನ್ನ ಹಳೆಯ ಮನಸ್ಸು ಹೇಳುತ್ತದೆ. ಅದು ಸರಿಯೆ?

ಉತ್ತರ: ನಿಮ್ಮ ಶಿಷ್ಯರು ಹೇಳುತ್ತಿರುವುದು ಬಹುಶಃ ಇಂಟರ್‌ನ್ಯಾಷನಲ್ ಲೀಗ್ ಎಗೇನ್ಸ್ಟ್ ಎಪಿಲೆಪ್ಸಿ ಎಂಬ ಸಂಘದ ವಿಷಯ. 1909ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನಡೆದಾಗ ಅಲ್ಲಿ ಸೇರಿದ್ದ ವೈದ್ಯರು ಅದನ್ನು ಹುಟ್ಟುಹಾಕಿದರು. 'ಎಪಿಲೆಪ್ಸಿಯಾ' ಎಂಬ ಅದರ ಪತ್ರಿಕೆ ಕೂಡ ಆ ವರ್ಷವೇ ಆರಂಭವಾಯಿತು. ಇದು ವೈದ್ಯರ ಮತ್ತು ವಿಜ್ಞಾನಿಗಳ ಸಂಘ. ರೋಗವಿರುವವರಿಗೂ ಅವರ ಮನೆಯವರಿಗೂ ಸೇರಿದ ಇನ್ನೊಂದು ಸಂಸ್ಥೆ, ಇಂಟರ್‌ನ್ಯಾಷನಲ್ ಬ್ಯೂರೋ ಫಾರ್ ಎಪಿಲೆಪ್ಸಿ, 1961ರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಇಂಡಿಯನ್ ಎಪಿಲೆಪ್ಸಿ ಸೊಸೈಟಿ ಲೀಗಿನ ಶಾಖೆ, ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಷನ್ ಬ್ಯೂರೋದ ಶಾಖೆ.

ಅಧ್ಯಕ್ಷರ ಅವಧಿ 4 ವರ್ಷ. ಮತ ಹಾಕುವುದು ಬಿಡಿ ಸದಸ್ಯರಲ್ಲ, ರಾಷ್ಟ್ರೀಯ ಶಾಖೆಗಳು. ಇಂಥ ಶಾಖೆಗಳು ನೂರಕ್ಕೂ ಹೆಚ್ಚು ದೇಶಗಳಲ್ಲಿದ್ದು, ಅವುಗಳನ್ನು 6 ಪ್ರಾದೇಶಿಕ ವಿಭಾಗಗಳಾಗಿ ಸೇರಿಸಿದ್ದಾರೆ. ಭಾರತ ಏಷ್ಯಾ-ಓಷಿಯಾನಿಯಾ ವಿಭಾಗದಲ್ಲಿದೆ. ಈಚಿನ ಅಧ್ಯಕ್ಷರನ್ನು ನೋಡಿದರೆ ಯಾವ ಬಗೆಯ ದುಡಿಮೆ ಒಬ್ಬರನ್ನು ಆ ಸ್ಥಾನದ ಹತ್ತಿರಕ್ಕೆ ಒಯ್ಯುತ್ತದೆ ಎಂಬುದು ತಿಳಿಯುತ್ತದೆ. 2013ರಿಂದ 2017ರವರೆಗೆ ಅಧ್ಯಕ್ಷರಾಗಿದ್ದ ಎಮಿಲಿಯೊ ಪೆರುಕ್ಕಾ ಇಟಲಿಯ ಔಷಧವಿಜ್ಞಾನಿ. ಅಪಸ್ಮಾರದ ಮಾತ್ರೆಗಳು ದೇಹದಲ್ಲಿ ಹೇಗೆ ವರ್ತಿಸುತ್ತವೆ ಎಂಬುದರ ಅಧ್ಯಯನಕ್ಕೆ ಬದುಕನ್ನೇ ಕೊಟ್ಟವರು. ಅವರ ನಂತರ ಬಂದ ಕೆನಡಾದ ಸ್ಯಾಮ್ಯುಯೆಲ್ ವೀಬೆ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 80 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೆದುಳಿನ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಮಾತ್ರೆಗಳನ್ನಷ್ಟೇ ಕೊಟ್ಟು ಒಂದು ವರ್ಷ ನೋಡಿದ್ದರು. ಪ್ರಜ್ಞೆ ತಪ್ಪಿಸುವ ಸೆಳೆತಗಳಿಂದ ಮುಕ್ತರಾದವರು ಮೊದಲ ಗುಂಪಿನಲ್ಲಿ ಶೇ. 58, ಎರಡನೆಯದರಲ್ಲಿ ಶೇ. 8. ಮಾತ್ರೆಗೆ ಬಗ್ಗದ ರೋಗಕ್ಕೆ ಶಸ್ತ್ರಚಿಕಿತ್ಸೆ ಎಂದರೆ ಹಿಂಜರಿಯುತ್ತಿದ್ದ ವೈದ್ಯಲೋಕದ ಮುಂದೆ ಆ ಎರಡು ಅಂಕಿಗಳು ಬಲವಾದ ಸಾಕ್ಷ್ಯವಾದವು. 2021ರಲ್ಲಿ ಅಧ್ಯಕ್ಷಸ್ಥಾನಕ್ಕೆ ಬಂದ ಲಂಡನ್ನಿನ ಹೆಲೆನ್ ಕ್ರಾಸ್ ಮಕ್ಕಳ ನರರೋಗ ತಜ್ಞೆ. ಕೊಬ್ಬು ಹೆಚ್ಚಿಸಿ ಅನ್ನ-ಸಕ್ಕರೆಯಂಥವನ್ನು ತೀರ ಕಡಿಮೆ ಮಾಡುವ ಕೀಟೋಜೆನಿಕ್ ಪಥ್ಯದಿಂದ ಮಕ್ಕಳ ಸೆಳೆತ ತಗ್ಗುತ್ತದೆ ಎಂದು ತೋರಿಸಿದ 2008ರ ಪ್ರಯೋಗದಲ್ಲಿ ಅವರ ಪಾಲಿದೆ.

ಇನ್ನು ನಿಮ್ಮ ಹಳೆಯ ಮನಸ್ಸಿನ ಮಾತು. ಮಾಸ್ಟ್ರೇ, ನಾನು ನಿಮ್ಮೊಡನೆ ಒಪ್ಪುವುದಿಲ್ಲ. ಸನ್ಮಾನವನ್ನು ಬೇಡಿ ಪಡೆಯಬಾರದು ಎನ್ನುವುದು ಸರಿ, ಆದರೆ ಕೆಲಸವನ್ನು ಬೇಡಿ ಪಡೆಯುವುದರಲ್ಲಿ ತಪ್ಪೇನಿದೆ? ಇದೇ ಲೀಗ್ ಮೊದಲನೆಯ ಮಹಾಯುದ್ಧದೊಂದಿಗೆ ನಿಂತುಹೋಗಿ, 1935ರಲ್ಲಿ ಇಂಗ್ಲೆಂಡಿನ ಲಿಂಗ್‌ಫೀಲ್ಡ್‌ನಲ್ಲಿ ಕೆಲವರು ಸೇರಿ ಎಬ್ಬಿಸುವವರೆಗೆ 20 ವರ್ಷ ಉಸಿರಿಲ್ಲದೆ ಬಿದ್ದಿತ್ತು. ತಾವಾಗಿ ಮುಂದೆ ಬಂದು ಹೆಗಲು ಕೊಡುವವರಿಲ್ಲದಿದ್ದರೆ ಇಂಥ ಸಂಘಗಳು ಹೀಗೆಯೇ ಸಾಯುತ್ತವೆ. ಆದ್ದರಿಂದ ನಿಮ್ಮ ಶಿಷ್ಯರಿಗೆ 'ಬೇಡ' ಎಂದು ಬರೆಯಬೇಡಿ. 'ನಾಲ್ಕು ವರ್ಷದಲ್ಲಿ ಏನು ಮಾಡಬೇಕೆಂದಿದ್ದೀಯ' ಎಂದು ಕೇಳಿ. ಅದಕ್ಕೆ ಅವರು ಕೊಡುವ ಉತ್ತರ ಹೇಗಿದ್ದರೆ ನಾನು ಮೆಚ್ಚುತ್ತೇನೆ ಎಂಬುದನ್ನು ಮುಂದಿನ ಪತ್ರಕ್ಕೆ ಉತ್ತರಿಸುತ್ತ ಹೇಳುತ್ತೇನೆ, ಏಕೆಂದರೆ ಅದನ್ನು ಕೇಳುವ ಹಕ್ಕು ಆ ಪತ್ರ ಬರೆದ ತಾಯಿಗೇ ಹೆಚ್ಚು.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಆರನೆಯ ವರ್ಷದಿಂದ ಫಿಟ್ಸ್ ಇದೆ. ಪೆರ್ಲದಿಂದ ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಮದ್ದು ತರುತ್ತೇವೆ. ಒಂದು ದಿನದ ಬೀಡಿಯ ಕೂಲಿ ಬಸ್ಸಿಗೇ ಹೋಗುತ್ತದೆ. ದೊಡ್ಡ ದೊಡ್ಡ ದೇಶದ ಡಾಕ್ಟರರು ಯಾರನ್ನು ಅಧ್ಯಕ್ಷರು ಮಾಡಿಕೊಂಡರೆ ನನ್ನ ಮಗಳಿಗೆ ಏನು? ಸಿಟ್ಟಿನಿಂದ ಕೇಳುವುದಲ್ಲ, ತಿಳಿಯಲಿಕ್ಕೆ ಕೇಳುತ್ತೇನೆ.

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಯನ್ನು ಆ ಸಂಘದ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬರ ಮುಂದೂ ಇಡಬೇಕು ಎಂದು ನನಗೆ ಅನ್ನಿಸುತ್ತದೆ.

ಮೊದಲು, ಅಲ್ಲಿ ನಡೆದ ಕೆಲಸ ನಿಮ್ಮ ಮನೆಯೊಳಕ್ಕೆ ಆಗಲೇ ಎಲ್ಲಿ ಬಂದಿದೆ ಎಂಬುದನ್ನು ಹೇಳುತ್ತೇನೆ. ಮಗಳು ಸೆಟೆದುಕೊಂಡು ಬಿದ್ದಾಗ ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಕೈಗೆ ಕಬ್ಬಿಣ ಕೊಡದೆ, ಗಡಿಯಾರ ನೋಡಿ, 5 ನಿಮಿಷ ಕಳೆದರೂ ಸೆಳೆತ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ತನ್ನಿ ಎಂದು ನಿಮ್ಮ ವೈದ್ಯರು ಹೇಳಿರುತ್ತಾರೆ. ಹಿಂದೆ ಪುಸ್ತಕಗಳಲ್ಲಿ 30 ನಿಮಿಷ ಎಂದಿರುತ್ತಿತ್ತು. 5 ನಿಮಿಷ ದಾಟಿದ ದೊಡ್ಡ ಸೆಳೆತ ತಾನಾಗಿ ನಿಲ್ಲುವುದು ಕಷ್ಟ, 30 ನಿಮಿಷವಾದರೆ ಮೆದುಳಿಗೆ ದೀರ್ಘಕಾಲದ ಹಾನಿಯ ಭಯ ಎಂದು ಎರಡನ್ನೂ ಬೇರ್ಪಡಿಸಿ 2015ರಲ್ಲಿ ಬರೆದಿಟ್ಟದ್ದು ಈ ಲೀಗಿನ ಸಮಿತಿ. ಮುಂದೊಂದು ದಿನ ಮಗಳ ಮದುವೆಯ ಮಾತು ಬಂದಾಗ 'ರೋಗ ವಾಸಿಯಾಗಿದೆಯೆ' ಎಂದು ಯಾರಾದರೂ ಕೇಳಿದರೆ ಅದಕ್ಕೂ ಆಧಾರವುಳ್ಳ ಉತ್ತರ ಇದೆ: 10 ವರ್ಷ ಸೆಳೆತವಿಲ್ಲದೆ, ಅದರಲ್ಲಿ ಕೊನೆಯ 5 ವರ್ಷ ಮಾತ್ರೆಯೂ ಇಲ್ಲದೆ ಕಳೆದವರಲ್ಲಿ ಅಪಸ್ಮಾರ ಮುಗಿದಿದೆ ಎಂದು ಪರಿಗಣಿಸಬಹುದೆಂದು 2014ರಲ್ಲಿ ಲೀಗ್ ಒಪ್ಪಿಕೊಂಡಿತು. ಅಷ್ಟೇ ಮುಖ್ಯವಾದುದು, ಹಿಂದೂ ವಿವಾಹ ಕಾಯಿದೆಯಲ್ಲೂ ವಿಶೇಷ ವಿವಾಹ ಕಾಯಿದೆಯಲ್ಲೂ ಇದ್ದ 'ಅಪಸ್ಮಾರ' ಎಂಬ ಪದವನ್ನು 1999ರಲ್ಲಿ ಸಂಸತ್ತು ತೆಗೆದುಹಾಕಿತು. ಅದಕ್ಕಾಗಿ ವರ್ಷಗಟ್ಟಲೆ ಬೆನ್ನು ಹತ್ತಿದವರು ನಾನು ಮೇಲೆ ಹೇಳಿದ ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಷನ್ನಿನ ವೈದ್ಯರು ಮತ್ತು ರೋಗಿಗಳು.

ಆದರೆ ಇಷ್ಟರಿಂದ ನಿಮ್ಮ ಪ್ರಶ್ನೆ ತೀರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ; ಅವರಲ್ಲಿ ಶೇ. 80ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸರಿಯಾದ ರೋಗನಿರ್ಣಯವೂ ಔಷಧವೂ ಸಿಕ್ಕರೆ ಶೇ. 70ರವರೆಗಿನ ಜನ ಸೆಳೆತವಿಲ್ಲದೆ ಬದುಕಬಹುದು. ಹಳೆಯ ಔಷಧವಾದ ಫಿನೋಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿದ್ದು ಅತ್ಯಂತ ಅಗ್ಗವಾಗಿದೆ. ರೋಗ ಗೊತ್ತು, ಮದ್ದು ಗೊತ್ತು, ಬೆಲೆಯೂ ಹೆಚ್ಚಲ್ಲ. ಆದರೂ ಬಡ ದೇಶಗಳಲ್ಲಿ ಬಹುಪಾಲು ಜನರಿಗೆ ಮದ್ದು ಮುಟ್ಟುವುದಿಲ್ಲ. ಇದನ್ನು ವೈದ್ಯರು ಚಿಕಿತ್ಸೆಯ ಕಂದರ ಎನ್ನುತ್ತಾರೆ. ನೀವು ಪೆರ್ಲದಿಂದ ಮಂಗಳೂರಿಗೆ ಪ್ರತಿ ತಿಂಗಳು ದಾಟುತ್ತಿರುವುದು ಈ ಕಂದರವನ್ನೇ.

ಅದು ಎಷ್ಟು ಸಣ್ಣ ವಿಷಯಗಳಿಂದ ಆಗಿರುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಶಾಲೆಯ ಮೆಟ್ಟಿಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡಿದ್ದ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಎಂದು ಅಜ್ಜಿ ಆಣೆ ಹಾಕಿದರು. ಸೊಂಟದ ಸಂಚಿಯಿಂದ ಮಾತ್ರೆಯ ಕಾಗದದ ಲಕೋಟೆಯನ್ನು ತೆಗೆದು ಮಡಿಕೆ ಬಿಡಿಸಿ ನನ್ನ ಮೇಜಿನ ಮೇಲಿಟ್ಟರು. ಔಷಧ ಕೊಟ್ಟವರು ಅದರ ಮೇಲೆ ಮಲಯಾಳ ಅಕ್ಷರದಲ್ಲಿ 'ರಂಡು ನೇರಂ ಒನ್ನು' ಎಂದು ಬರೆದಿದ್ದರು, ಎಂದರೆ ದಿನಕ್ಕೆ ಎರಡು ಹೊತ್ತು ಒಂದೊಂದು. ಅಜ್ಜಿಗೆ ಮಲಯಾಳ ಆಡಿದರೆ ತಿಳಿಯುತ್ತಿತ್ತು, ಅಕ್ಷರ ತಿಳಿಯುತ್ತಿರಲಿಲ್ಲ. ಹಿಂದಿನ ತಿಂಗಳ ವಾಡಿಕೆಯಂತೆ ರಾತ್ರಿ ಒಂದನ್ನೇ ಕೊಡುತ್ತ ಬಂದಿದ್ದರು. ಹುಡುಗನಿಗೆ ಮೂರು ವಾರ ಅರ್ಧ ಮದ್ದು ಸಿಕ್ಕಿತ್ತು. ಆ ಲಕೋಟೆಯ ಮೇಲೆ ನಾನು ಒಂದು ಸೂರ್ಯ, ಒಂದು ಚಂದ್ರ ಬರೆದು ಕೊಟ್ಟೆ. ಅಂದಿನಿಂದ ಎಲ್ಲರಿಗೂ ಹಾಗೆಯೇ ಬರೆದುಕೊಡುತ್ತೇನೆ.

2020ರ ಮಾರ್ಚ್‌ನಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದ ದಿನಗಳನ್ನೂ ನೀವು ಮರೆತಿರಲಾರಿರಿ. ಅಪಸ್ಮಾರದ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ಸೆಳೆತ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಎರವಾಗಬಹುದು. ತಿಂಗಳ ಮದ್ದಿಗೆ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ಮನೆಗಳಲ್ಲಿ ಆಗ ಮಾತ್ರೆಗಳನ್ನು ಎಣಿಸಿ ಎಣಿಸಿ ಇಟ್ಟುಕೊಂಡವರು ಎಷ್ಟೋ ಮಂದಿ.

ಇದಕ್ಕೂ ಲೀಗಿನ ಅಧ್ಯಕ್ಷರಿಗೂ ಸಂಬಂಧವಿದೆ. 1997ರಲ್ಲಿ ಲೀಗ್, ಬ್ಯೂರೋ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಒಟ್ಟುಗೂಡಿ ಅಪಸ್ಮಾರವನ್ನು ನೆರಳಿನಿಂದ ಹೊರಗೆ ತರುವ ಜಾಗತಿಕ ಆಂದೋಲನ ಆರಂಭಿಸಿದವು. 2015ರಲ್ಲಿ ವಿಶ್ವ ಆರೋಗ್ಯ ಸಭೆ ಅಪಸ್ಮಾರದ ಮೇಲೆಯೇ ಒಂದು ನಿರ್ಣಯ ಮಾಡಿತು. 2022ರಲ್ಲಿ ಅದೇ ಸಭೆ 2031ರವರೆಗಿನ ಕ್ರಿಯಾಯೋಜನೆಯನ್ನು ಒಪ್ಪಿಕೊಂಡಿತು. ಈ ದಶಕದೊಳಗೆ ಅಪಸ್ಮಾರದ ಸೇವೆ ಮುಟ್ಟುವವರ ಪ್ರಮಾಣವನ್ನು 2021ರಲ್ಲಿ ಇದ್ದುದಕ್ಕಿಂತ ಶೇ. 50ರಷ್ಟು ಹೆಚ್ಚಿಸಬೇಕೆಂದು ಅದರಲ್ಲಿದೆ. ಇದರ ಜೊತೆಗೆ 90-80-70 ಎಂಬ ಗುರಿಯನ್ನೂ ಹೇಳುತ್ತಾರೆ: ರೋಗವಿರುವವರಲ್ಲಿ ಶೇ. 90 ಮಂದಿಗೆ ಇದು ಚಿಕಿತ್ಸೆಯುಳ್ಳ ಮೆದುಳಿನ ಕಾಯಿಲೆ ಎಂಬ ತಿಳಿವು, ಶೇ. 80 ಮಂದಿಗೆ ಕೈಗೆಟಕುವ ಔಷಧ, ಚಿಕಿತ್ಸೆ ಪಡೆದವರಲ್ಲಿ ಶೇ. 70 ಮಂದಿಗೆ ಸೆಳೆತದ ಹತೋಟಿ. ಸರಕಾರಗಳು ಜಿನೀವಾದಲ್ಲಿ ಕೈಯೆತ್ತಿ ಒಪ್ಪಿದ್ದನ್ನು ಊರಿಗೆ ಮರಳಿದ ಮೇಲೆ ನೆನಪಿಸುವವರು ಬೇಕು, ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟುವವರು ಬೇಕು. ಲೀಗಿನ ಅಧ್ಯಕ್ಷರ ಮುಖ್ಯ ಕೆಲಸ ಇದೇ ಎಂದು ನಾನು ನಂಬುತ್ತೇನೆ. ಹೊಸ ವರ್ಗೀಕರಣ, ಹೊಸ ಯಂತ್ರ, ಸಮ್ಮೇಳನ ಎಲ್ಲವೂ ಬೇಕಾದವೇ, ಆದರೆ ಅವುಗಳಿಗೆ ಬೇರೆ ಕೈಗಳು ಸಿಗುತ್ತವೆ.

ಜಿನೀವಾದ ಮಾತು ಇಲ್ಲಿಗೆ ಎಲ್ಲಿ ಬರುತ್ತದೆ ಎಂದು ಬೇರೆ ಊರಿನವರು ಕೇಳಿಯಾರು, ಎಣ್ಮಕಜೆಯ ನೆರೆಯವರಾದ ನಾವು ಕೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಮೆದುಳಿನಲ್ಲಿ ಉದ್ರೇಕವನ್ನು ತಡೆಯುವ ವ್ಯವಸ್ಥೆಯನ್ನೇ ಕೆಡಿಸುವ ವಿಷ. ಅದು ಹೆಚ್ಚಾಗಿ ದೇಹಕ್ಕೆ ಸೇರಿದವರಲ್ಲಿ ಕಾಣುವ ದೊಡ್ಡ ಲಕ್ಷಣ ಸೆಳೆತವೇ. ನಮ್ಮಲ್ಲಿ ಸಿಂಪಡಣೆ ಮೊದಲೇ ನಿಂತಿತ್ತಾದರೂ, ಜಗತ್ತೇ ಅದನ್ನು ಕೈಬಿಡಬೇಕೆಂಬ ತೀರ್ಮಾನ 2011ರ ಏಪ್ರಿಲ್‌ನಲ್ಲಿ ಆದದ್ದು ಜಿನೀವಾದಲ್ಲಿ. ಆ ತೀರ್ಮಾನದ ಹಿಂದೆ ಎಣ್ಮಕಜೆಯ ಪಡ್ರೆ ಊರಿನ ಮನೆಗಳ ನೋವು ಇತ್ತು. ಊರಿನ ಮಾತು ಅಲ್ಲಿಗೆ ಹೋಗಬಲ್ಲದು, ಅಲ್ಲಿಯ ಮಾತು ಊರಿಗೆ ಬರಬಲ್ಲದು.

ಹಾಗಾಗಿ ಬದಿಯಡ್ಕದ ಮಾಸ್ಟ್ರ ಶಿಷ್ಯರಾಗಲಿ ಬೇರೆ ಯಾರಾಗಲಿ ಈ ಸ್ಥಾನ ಬಯಸಿದರೆ ನಾನು ಕೇಳುವುದು ಇಷ್ಟು: ಅಪಸ್ಮಾರದ ಮೂಲ ಔಷಧಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ವರ್ಷದ 12 ತಿಂಗಳೂ ಇರುವಂತೆ ಯಾವ ದೇಶದ ಸರಕಾರದೊಡನೆ ನೀವು ಈಗಾಗಲೇ ಕುಳಿತು ಮಾತನಾಡಿದ್ದೀರಿ? ಬಂದ ಉತ್ತರದಲ್ಲಿ ಒಂದು ಊರಿನ ಹೆಸರಾದರೂ ಇರಬೇಕು.

ನಿಮ್ಮ ಮಗಳ ಬಗ್ಗೆ ಒಂದು ಮಾತು. ಮದ್ದಿನ ಹೆಸರನ್ನು ನೀವು ಬರೆದಿಲ್ಲ. ಅದು ವಾಲ್ಪ್ರೊಯೇಟ್ ಆಗಿದ್ದರೆ, ಅವಳು ಬೆಳೆಯುತ್ತಿರುವ ಹುಡುಗಿಯಾದ್ದರಿಂದ, ಮುಂದೆಯೂ ಅದೇ ಸಾಕೆ, ಬದಲಿಸಬೇಕೆ ಎಂದು ವೈದ್ಯರನ್ನು ಈಗಲೇ ಕೇಳಿ. ಗರ್ಭಿಣಿಯರು ಸೇವಿಸಿದರೆ ಮಗುವಿಗೆ ಅಪಾಯ ಹೆಚ್ಚು. ಆದರೆ ಒಂದು ದಿನಕ್ಕೂ ನೀವಾಗಿ ನಿಲ್ಲಿಸಬಾರದು. ಈ ವಿಷಯದಲ್ಲಿ ಜಗತ್ತಿಗೆ ತಿಳಿದಿರುವುದರಲ್ಲಿ ಒಂದು ಪಾಲು ನಮ್ಮದೇ ರಾಜ್ಯದ ತಾಯಂದಿರಿಂದ ಬಂದದ್ದು: ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅಪಸ್ಮಾರವಿರುವ ಗರ್ಭಿಣಿಯರ ದಾಖಲೆಯನ್ನು 1998ರಿಂದ ಇಡುತ್ತಾ ಬಂದಿದ್ದಾರೆ.

ಪ್ರಶ್ನೆ: ನಾನು ಮಂಜೇಶ್ವರದವಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಎಂಬಿಬಿಎಸ್ ಎರಡನೆಯ ವರ್ಷ. ಅಂಥ ಸಂಘದ ಮುಂಚೂಣಿಗೆ ನನ್ನಂಥವರು ಹೋಗುವ ದಾರಿ ಇದೆಯೆ?

ಉತ್ತರ: ಇದೆ. ಎಂಬಿಬಿಎಸ್ ಆದ ಮೇಲೆ ಸಾಮಾನ್ಯ ವೈದ್ಯಶಾಸ್ತ್ರದಲ್ಲೋ ಮಕ್ಕಳ ವೈದ್ಯಶಾಸ್ತ್ರದಲ್ಲೋ 3 ವರ್ಷದ ಎಂಡಿ, ಅನಂತರ ನರರೋಗಶಾಸ್ತ್ರದಲ್ಲಿ 3 ವರ್ಷದ ಡಿಎಂ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಶ್ರೀ ಚಿತ್ರಾ ಎರಡೂ ನಿಮಗೆ ದೂರವಲ್ಲ. ಭಾರತೀಯ ಶಾಖೆಯ ಸದಸ್ಯತ್ವ ಮೊದಲ ಮೆಟ್ಟಿಲು. ಎಳೆಯ ವೈದ್ಯರಿಗಾಗಿಯೇ ಲೀಗಿನಲ್ಲಿ ಒಂದು ವಿಭಾಗವಿದೆ. ಮುಂದೆ ಯಾವುದಾದರೂ ಸಮಿತಿಯಲ್ಲಿ ವರ್ಷಗಟ್ಟಲೆ ದುಡಿಯಬೇಕು.

ದಾರಿಗಿಂತ ಹೆಚ್ಚಾಗಿ ನಿಮಗೆ ಹೇಳಬೇಕಾದ್ದು ಬೇರೆ ಇದೆ. ಕನ್ನಡ ಮಾಧ್ಯಮವನ್ನು ಕೊರತೆಯೆಂದು ಬರೆದಂತೆ ಕಂಡಿತು. ನಮ್ಮ ಜನರ ಮನೆಯೊಳಗಿನ ಮಾತು ಬಲ್ಲವರೇ ಕಾಣಬಲ್ಲ ಸಂಗತಿಗಳು ಈ ರೋಗದಲ್ಲಿವೆ. ಬಿಸಿನೀರಿನ ಅಪಸ್ಮಾರವನ್ನೇ ನೋಡಿ. ಹಂಡೆಯ ಬಿಸಿನೀರನ್ನು ಚೆಂಬಿನಲ್ಲಿ ಮೊಗೆದು ಒಂದೇ ಸಮನೆ ನೆತ್ತಿಗೆ ಹೊಯ್ದುಕೊಳ್ಳುವಾಗ ಕೆಲವರಿಗೆ ಸೆಳೆತ ಬರುತ್ತದೆ. ಬಚ್ಚಲಲ್ಲಿ ಮಗು ಒಂದು ಗಳಿಗೆ ಮಂಕಾಗಿ, ಕಣ್ಣು ನೆಟ್ಟು, 'ಇನ್ನೂ ಹೊಯ್ಯಿ, ಇನ್ನೂ ಹೊಯ್ಯಿ' ಎನ್ನುತ್ತಿತ್ತು ಎಂದು ತಾಯಿ ಹೇಳಿದ್ದನ್ನು ಕಿವಿಗೊಟ್ಟು ಕೇಳಿಸಿಕೊಂಡ ವೈದ್ಯರಿಗೆ ಮಾತ್ರ ಅದು ಹೊಳೆಯುತ್ತದೆ. ಜಗತ್ತಿನ ಬೇರೆಡೆ ವಿರಳವಾದ ಈ ಬಗೆ ಕರ್ನಾಟಕದ ದಕ್ಷಿಣ ಭಾಗದಲ್ಲಿ ಸಾಮಾನ್ಯ. ಇದನ್ನು ವೈದ್ಯಲೋಕದ ಗಮನಕ್ಕೆ ತಂದವರು ಬೆಂಗಳೂರಿನ ಡಾ. ಕೆ. ಎಸ್. ಮಣಿ, ಮುಂದೆ ಆಳವಾಗಿ ಅಭ್ಯಾಸ ಮಾಡಿದವರು ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ. ಯಳಂದೂರಿನ ಹಳ್ಳಿಗಳಲ್ಲಿ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದವರೂ ಡಾ. ಮಣಿ ಮತ್ತು ಸಂಗಡಿಗರು. ಚಿಕಿತ್ಸೆಯ ಕಂದರದ ಮಾತು ಬಂದಲ್ಲೆಲ್ಲ ನೆನೆಯಬೇಕಾದ ಕೆಲಸ ಅದು. ನೀವು ಕನ್ನಡ, ತುಳು, ಮಲಯಾಳ ಮೂರರಲ್ಲೂ ರೋಗಿಯ ಮಾತನ್ನು ಕೇಳಬಲ್ಲಿರಿ. ಈಗಿನಿಂದಲೇ ಬರೆದಿಡುತ್ತ ಬನ್ನಿ.

ಪ್ರಶ್ನೆ: 'ಅಪಸ್ಮಾರ' ಎಂಬ ಹೆಸರೇ ಹೆದರಿಸುವಂತಿದೆ. ನಟರಾಜನ ಕಾಲಡಿಯಲ್ಲಿ ಬಿದ್ದಿರುವ ಅಸುರನ ಹೆಸರೂ ಅದೇ ಅಲ್ಲವೆ? ವಿಶ್ವಸಂಘದ ಹೊಸ ನಾಯಕರು ಇಂಥ ಹೆಸರುಗಳನ್ನು ಬದಲಿಸಬಾರದೆ? (ಕುಂಬಳೆಯಿಂದ)

ಉತ್ತರ: ಕೆಲವು ದೇಶಗಳಲ್ಲಿ ಬದಲಿಸಿದ್ದಾರೆ. ಮಲಯ ಭಾಷೆಯ ಹಳೆಯ ಹೆಸರಿಗೆ 'ಹಂದಿಯ ಹುಚ್ಚು' ಎಂಬ ಅರ್ಥವಿತ್ತು. ಅಲ್ಲಿಯ ವೈದ್ಯರು ಅದನ್ನು ಕೈಬಿಡಿಸಿದರು. ಕೊರಿಯಾದಲ್ಲಿಯೂ ಹೀನಾರ್ಥದ ಹೆಸರು ಹೋಗಿ ಮೆದುಳು ಮತ್ತು ವಿದ್ಯುತ್ತನ್ನು ಸೂಚಿಸುವ ಹೊಸ ಹೆಸರು ಬಂತು. ಇದನ್ನು ಆಯಾ ಭಾಷೆಯವರೇ ಮಾಡಬೇಕು, ಬೇರೆ ದೇಶದಲ್ಲಿ ಕುಳಿತ ಅಧ್ಯಕ್ಷರು ಮಾಡಲಾರರು.

ನಮ್ಮ ಹೆಸರಿನಲ್ಲಿ ನನಗೆ ದೋಷ ಕಾಣುವುದಿಲ್ಲ. ಸ್ಮರಣೆ ಅಥವಾ ಎಚ್ಚರ ತಪ್ಪುವುದು ಎಂಬುದೇ 'ಅಪಸ್ಮಾರ'ದ ಅರ್ಥ. ಚರಕಸಂಹಿತೆಯೂ ಇದನ್ನು ರೋಗವೆಂದೇ ವರ್ಣಿಸಿ ಚಿಕಿತ್ಸೆ ಹೇಳುತ್ತದೆ. ನಟರಾಜನ ಪಾದದಡಿಯಲ್ಲಿರುವುದು ಮರವೆಯ ಸಂಕೇತ, ರೋಗವಿರುವ ಮನುಷ್ಯನಲ್ಲ. ನೋವಾಗುವುದು 'ಅವಳಿಗೆ ಅದು ಉಂಟಂತೆ' ಎಂದು ದನಿ ತಗ್ಗಿಸಿ ಹೇಳುವ ರೀತಿಯಿಂದ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ, ನೂಲು ಕಟ್ಟಿಸಿ, ಎರಡು ವರ್ಷ ಕಳೆದ ಮೇಲೆ ವೈದ್ಯರಲ್ಲಿಗೆ ಬರುವ ಮನೆಗಳಲ್ಲಿ ರೋಗದ ಹೆಸರನ್ನು ಗಟ್ಟಿಯಾಗಿ ಯಾರೂ ಆಡಿರುವುದಿಲ್ಲ.

ಗಡಿನಾಡಿನ ನಮಗೆ ಈ ಪದದಿಂದ ಒಂದು ಅನುಕೂಲವೂ ಇದೆ: ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅದು ಒಂದೇ. ರೋಗವಿರುವವರು ಕಿಸೆಯಲ್ಲಿ ಇಟ್ಟುಕೊಳ್ಳುವ ಚೀಟಿಯಲ್ಲಿ 'ನನಗೆ ಅಪಸ್ಮಾರ ಇದೆ, ಮಗ್ಗುಲಿಗೆ ಹೊರಳಿಸಿ, 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ' ಎಂದು ಎರಡೂ ಲಿಪಿಗಳಲ್ಲಿ ಬರೆದು, ಕೆಳಗೆ ಮಾತ್ರೆಯ ಹೆಸರನ್ನೂ ಮನೆಯ ಫೋನ್ ಸಂಖ್ಯೆಯನ್ನೂ ಸೇರಿಸಿ. ಬಸ್ಸಿನಲ್ಲಿ ಪಕ್ಕ ಕುಳಿತವರು ಕಾಸರಗೋಡಿನವರಾದರೂ ಮಂಗಳೂರಿನವರಾದರೂ ಓದಿಕೊಳ್ಳುತ್ತಾರೆ.